ಹಿತ್ತಲಿನಲ್ಲಿ ಬಣ್ಣದ ಮೂಲಂಗಿ



ನಮ್ಮ ಸೀಮೆಯು ಬಣ್ಣಕ್ಕೆ ಹೆಸರಾದುದು. ಬ್ಯಾಡಗಿ ಮೆಣಸಿನಕಾಯಿಯ ಕೆಂಪನ್ನು ಅರಿಯದ ಅಡಿಗೆಮನೆ ನಾಡಿನಲ್ಲಿ ವಿರಳ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಈ ಲೇಖನದಲ್ಲಿ ಇನ್ನೊಂದು ಬಣ್ಣದ ಬೆಳೆಯ ವಿಚಾರವನ್ನು ತಿಳಿಸಬೇಕೆಂದಿದ್ದೇನೆ. ಇದನ್ನು ಬೆಳೆಯಲು ಹೊಲ ಬೇಡ, ಹಿತ್ತಲು ಸಾಕು. ಪೇಟೆಗೆ ಸಾಗಿಸುವ ತೊಂದರೆಯೂ ಇಲ್ಲ. ಕಿತ್ತು, ತೊಳೆದು, ರೊಟ್ಟಿಯ ಜೊತೆಗೆ ಗಂಗಾಳಕ್ಕೆ ಹಾಕಿಕೊಳ್ಳುವುದು. ಅದೇ ಬಣ್ಣದ ಮೂಲಂಗಿ.

ಜೋಳದ ರೊಟ್ಟಿಯ ಜೊತೆಗೆ ಹಸಿ ಮೂಲಂಗಿ, ಮೆಂತೆಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಇಟ್ಟುಕೊಂಡು ಉಣ್ಣುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಿರಿಯರು ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಸೊಪ್ಪು, ಕಾಯಿ, ಕಾಳು ಅಲ್ಲಿಯೇ ಸಿಗುತ್ತಿದ್ದವು. ಈಗ ಬಹಳ ಹೊಲಗಳಲ್ಲಿ ಗೋವಿನಜೋಳ ಒಂದೇ, ಇಲ್ಲವೆ ಹತ್ತಿ ಒಂದೇ. ಕಾಯಿಪಲ್ಲೆಗೆ ಗುತ್ತಲದ ಸಂತೆಯನ್ನು ಕಾಯಬೇಕು. ಸಂತೆಯಲ್ಲಿ ತಂದ ಸೊಪ್ಪು ಮೂರನೆಯ ದಿನಕ್ಕೆ ಬಾಡಿರುತ್ತದೆ. ಆಮೇಲಿನ ನಾಲ್ಕು ದಿನ ಬೇಳೆ, ಚಟ್ನಿ, ಹಿಂಡಿಯಲ್ಲಿ ಊಟ ಮುಗಿಯುತ್ತದೆ.

ಇನ್ನೊಂದು ಸಂಗತಿಯನ್ನೂ ನೋಡಿರಿ. ರಾಣೇಬೆನ್ನೂರು, ಹಾವೇರಿ ಕಡೆಯು ಸಂಕರ ಬೀಜೋತ್ಪಾದನೆಗೆ ಪ್ರಸಿದ್ಧವಾದುದು. ಟೊಮೇಟೊ, ಮೆಣಸಿನಕಾಯಿ, ಹತ್ತಿಯ ಹೂವಿನಲ್ಲಿ ಗಂಡು ಕೇಸರವನ್ನು ತೆಗೆದು, ಬೇರೊಂದು ಗಿಡದ ಪರಾಗವನ್ನು ಮುಟ್ಟಿಸುವ ಸೂಕ್ಷ್ಮವಾದ ಕ್ರಾಸಿಂಗ್ ಕೆಲಸವನ್ನು ನಮ್ಮ ಹೆಣ್ಣುಮಕ್ಕಳೇ ಮಾಡುತ್ತಾರೆ. ಅವರ ಕೈಯಿಂದಾದ ಬೀಜ ದೂರದೂರದ ಹೊಲಗಳಲ್ಲಿ ಕಾಯಿಪಲ್ಲೆಯಾಗುತ್ತದೆ. ಅಂಥ ಕೈಗಳಿರುವ ಮನೆಯಲ್ಲಿಯೇ ಹಸಿ ಸೊಪ್ಪಿಗೆ ಸಂತೆಯ ದಾರಿ ನೋಡುವಂತಾಗಬಾರದು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಕಾಲದಿಂದಲೂ ಕೈತೋಟದ ಮಾತನ್ನು ನಾವು ಕೇಳುತ್ತ ಬಂದಿದ್ದೇವೆ. ಕೇಳಿದ್ದು ಬಹಳ, ಬಿತ್ತಿದ್ದು ಕಡಿಮೆ. ಆದುದರಿಂದ ಒಂದು ತಿಂಗಳಲ್ಲಿ ಫಲ ಕೊಡುವ, ಮಕ್ಕಳು ತಾವಾಗಿ ಕೇಳಿ ತಿನ್ನುವ ಒಂದು ಬೆಳೆಯಿಂದ ಆರಂಭಿಸುವುದು ಲೇಸು.

ಮೊದಲ ಸಲ ಕೆಟ್ಟದ್ದು ಏಕೆ?

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅದರಿಂದ ನಿಮಗೆ ಒಂದು ಬೆಳೆಯಾದರೂ ಉಳಿದೀತು. ಬಣ್ಣದ ಮೂಲಂಗಿಯ ಬೀಜವನ್ನು ನಾನು ಮೊದಲ ಸಲ ಕೆಲವು ಮನೆಗಳಿಗೆ ಕೊಟ್ಟದ್ದು ಶಿವರಾತ್ರಿ ಕಳೆದ ಮೇಲೆ. ಬೀಜ ನಾಲ್ಕೇ ದಿನಕ್ಕೆ ಹುಟ್ಟಿತು, ಸೊಪ್ಪು ಸೊಂಪಾಗಿ ಬೆಳೆಯಿತು. ಎಲ್ಲರಿಗೂ ಸಂತೋಷವಾಯಿತು. ಆದರೆ ಕಿತ್ತು ನೋಡಿದರೆ ಕೆಳಗೆ ಇಲಿಯ ಬಾಲದಷ್ಟು ಬೇರು. ಅಲ್ಲೊಂದು ಇಲ್ಲೊಂದು ದುಂಡಗಾಗಿದ್ದ ಗಡ್ಡೆಯೂ ಒಳಗೆ ಬೆಂಡಾಗಿತ್ತು. ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ಕೆಲವು ಗಿಡ ಆಗಲೇ ಹೂವಿಗೆ ಬಂದಿದ್ದವು. ಒಬ್ಬ ಹಿರಿಯ ತಾಯಿ ನನ್ನನ್ನು ಕರೆದು, "ಸೊಪ್ಪು ಎಮ್ಮೀಗಾತು, ಗಡ್ಡಿ ಯಾರಿಗೂ ಆಗಲಿಲ್ಲ ನೋಡು ತಮ್ಮಾ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಬಳಿಕ ವಿಚಾರ ಮಾಡಿದಾಗ ಮೂರು ತಪ್ಪುಗಳು ಕಂಡುಬಂದವು. ಒಂದನೆಯದು, ಬಿತ್ತಿದ ಕಾಲ ತಪ್ಪು. ಮೂಲಂಗಿಯು ಚಳಿಗೆ ಒಲಿಯುವ ಬೆಳೆ. ಅದರಲ್ಲಿಯೂ ಚಿಕ್ಕ ಕೆಂಪು ಬಗೆಗಳು ಯುರೋಪಿನ ತಂಪು ಹವೆಯಿಂದ ಬಂದವು. ಸೆಖೆಯಲ್ಲಿ ಅವು ಗಡ್ಡೆ ಕಟ್ಟದೆ ಸೊಪ್ಪಿಗೆ, ಹೂವಿಗೆ ತಿರುಗುತ್ತವೆ. ಎರಡನೆಯದು, ಮೆಂತೆ ಚೆಲ್ಲಿದ ಹಾಗೆ ಒತ್ತಾಗಿ ಚೆಲ್ಲಿದ್ದೆವು. ಒಂದು ಗಡ್ಡೆ ಉಬ್ಬುವ ಜಾಗದಲ್ಲಿ ಐದು ಸಸಿಗಳಿದ್ದವು. ಮೂರನೆಯದು, ಇನ್ನೂ ದಪ್ಪವಾಗಲಿ ಎಂದು ಕಾದು ಕುಳಿತೆವು. ಕಾದಷ್ಟೂ ಅದು ಬೆಂಡಾಯಿತು. ಈ ಮೂರನ್ನು ತಿದ್ದಿಕೊಂಡರೆ ಉಳಿದ ಕೆಲಸ ಬಹಳ ಸುಲಭ.

ಈ ಬಣ್ಣ ಎಂಥದು?

ಕೆಂಪು ಮೂಲಂಗಿಯನ್ನು ಮೊದಲು ಕಂಡವರು ಕೇಳುವ ಪ್ರಶ್ನೆ ಒಂದೇ: "ಇದಕ್ಕ ಬಣ್ಣಾ ಹಚ್ಯಾರೇನ್ರಿ?" ಯಾರೂ ಹಚ್ಚಿದ್ದಲ್ಲ. ನೇರಳೆಹಣ್ಣಿಗೂ, ನೇರಳೆ ಬದನೆಯ ಸಿಪ್ಪೆಗೂ ಬಣ್ಣ ಕೊಡುವ ಆಂಥೋಸಯನಿನ್ ಎಂಬ ಜಾತಿಯ ವರ್ಣದ್ರವ್ಯವೇ ಮೂಲಂಗಿಗೂ ಕೆಂಪು, ಗುಲಾಬಿ, ನೇರಳೆ ಬಣ್ಣಗಳನ್ನು ಕೊಡುತ್ತದೆ. ಕೆಲವು ಬಗೆಗಳಲ್ಲಿ ಬಣ್ಣ ಸಿಪ್ಪೆಯಲ್ಲಿ ಮಾತ್ರವಿದ್ದು ಒಳಗೆ ಬಿಳಿಯಿರುತ್ತದೆ. ಕೆಲವುಗಳಲ್ಲಿ ಒಳಗಿನ ತಿರುಳೂ ಬಣ್ಣದ್ದೇ.

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇರೆ ಜಾತಿಯದು. ಅದು ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಗೆ ಖಾರಪುಡಿ ಹಾಕಿದ ಕೂಡಲೆ ಎಣ್ಣೆ ಕೆಂಪಾಗುವುದನ್ನು ನೀವು ದಿನವೂ ನೋಡುತ್ತೀರಿ. ಮೂಲಂಗಿಯ ಬಣ್ಣ ನೀರಿನಲ್ಲಿ ಕರಗುತ್ತದೆ. ಆದುದರಿಂದ ಬಣ್ಣದ ಮೂಲಂಗಿಯನ್ನು ಸಾರಿಗೆ ಹಾಕಿ ಕುದಿಸಿದರೆ ಬಣ್ಣವೆಲ್ಲ ನೀರಿಗೆ ಹೋಗಿ ಹೋಳು ಸಪ್ಪೆಯಾಗಿ ಕಾಣುತ್ತದೆ. ಅದನ್ನು ಹಸಿಯಾಗಿ ತಿನ್ನುವುದೇ ಸರಿ. ಹೆಚ್ಚಿದ ಹೋಳಿಗೆ ಲಿಂಬೆಹುಳಿ ಹಿಂಡಿದರೆ ಕೆಂಪು ಇನ್ನಷ್ಟು ಹೊಳೆಯುತ್ತದೆ. ಅಡಿಗೆ ಸೋಡಾ ಬೆರೆಸಿದ ನೀರಿಗೆ ನೇರಳೆ ಸಿಪ್ಪೆ ಹಾಕಿದರೆ ಬಣ್ಣ ನೀಲಿಯ ಕಡೆಗೆ ತಿರುಗುತ್ತದೆ. ಶಾಲೆಯ ಮಕ್ಕಳು ಇದನ್ನು ಮಾಡಿ ನೋಡಬಹುದು.

ಖಾರದ ವಿಷಯವೂ ಹೀಗೆಯೇ. ಮೂಲಂಗಿಯು ಸಾಸಿವೆ, ಎಲೆಕೋಸುಗಳ ಬಳಗಕ್ಕೆ ಸೇರಿದುದು. ಗಡ್ಡೆಯನ್ನು ಕಚ್ಚಿದಾಗ ಅಥವಾ ಹೆಚ್ಚಿದಾಗ ಅದರೊಳಗಿನ ಎರಡು ದ್ರವ್ಯಗಳು ಕೂಡಿ ಸಾಸಿವೆಯಂಥ ಘಾಟು ಹುಟ್ಟುತ್ತದೆ. ಸಿಪ್ಪೆಯಲ್ಲಿ ಈ ಖಾರ ಹೆಚ್ಚು. ಸೆಖೆ ಹೆಚ್ಚಾದರೂ, ನೀರು ಕಡಿಮೆಯಾದರೂ ಖಾರ ಏರುತ್ತದೆ. ಚಳಿಯಲ್ಲಿ ಚೆನ್ನಾಗಿ ನೀರುಂಡು ಬೆಳೆದ ಗಡ್ಡೆ ಮೆದುವಾಗಿ, ತುಸು ಸಿಹಿಯಾಗಿ ಇರುತ್ತದೆ.

ಯಾವ ಬಗೆಯನ್ನು ಆರಿಸಬೇಕು?

ಬಣ್ಣದ ಮೂಲಂಗಿ ಜಗತ್ತಿಗೆ ಹೊಸದಲ್ಲ. ಮೆಕ್ಸಿಕೋ ದೇಶದ ಓಹಾಕಾ ಪಟ್ಟಣದಲ್ಲಿ 1897ರಿಂದ ಪ್ರತಿ ವರ್ಷ ಡಿಸೆಂಬರ್ 23ರಂದು ದೊಡ್ಡ ಕೆಂಪು ಮೂಲಂಗಿಗಳಲ್ಲಿ ಗೊಂಬೆ ಕೆತ್ತುವ ಸ್ಪರ್ಧೆ ನಡೆಯುತ್ತದೆ. ಹೊರಗೆ ಹಸಿರು-ಬಿಳಿ, ಒಳಗೆ ಕಲ್ಲಂಗಡಿಯಂತೆ ಕೆಂಪಾದ ಒಂದು ಬಗೆಯನ್ನು ಚೀನೀಯರು 'ಒಳಗೆ ಚೆಲುವು' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹಿತ್ತಲಿಗೆ ಈ ಕೆಳಗಿನವು ಯೋಗ್ಯ.

(1) ಚಿಕ್ಕ ಗುಂಡು ಕೆಂಪು: ಪೂಸಾ ಮೃದುಲಾ, ಸ್ಕಾರ್ಲೆಟ್ ಗ್ಲೋಬ್ ಮೊದಲಾದವು ಇದರಲ್ಲಿ ಬರುತ್ತವೆ. ಕೆಂಪು ಮೈಯ, ಬಿಳಿ ತುದಿಯ ರ‍್ಯಾಪಿಡ್ ರೆಡ್ ವೈಟ್ ಟಿಪ್ಡ್ ಎಂಬುದೂ ಇದೇ ಗುಂಪಿನದು. 25ರಿಂದ 30 ದಿನಗಳಲ್ಲಿ ಕೀಳಲು ಬರುತ್ತವೆ. ಮೊದಲ ಸಲ ಬೆಳೆಯುವವರಿಗೆ ಇವೇ ಉತ್ತಮ.

(2) ತಿರುಳೂ ಬಣ್ಣದ್ದಾದವು: ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಹೊರತಂದ ಪೂಸಾ ಗುಲಾಬಿಯ ತಿರುಳು ಗುಲಾಬಿ, ಪೂಸಾ ಜಾಮುನಿಯ ತಿರುಳು ನೇರಳೆ. ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯ ಕಾಶಿ ಲೋಹಿತ್ ಕೆಂಪು ಬಣ್ಣದ ಉದ್ದ ಬಗೆ. ಉದ್ದ ಬಗೆಗಳಿಗೆ ಸಾಮಾನ್ಯವಾಗಿ ಒಂದೂವರೆ ತಿಂಗಳು ಅಥವಾ ತುಸು ಹೆಚ್ಚು ಕಾಲ ಹಿಡಿಯುತ್ತದೆ.

(3) ಜೊತೆಗೆ ಒಂದು ಸಾಲು ಬಿಳಿ: ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಬೇಗ ಬೆಂಡಾಗದ, ಬೇರು ಕವಲೊಡೆಯದ ಬಗೆ. ಸಾರು, ಪಲ್ಯಗಳಿಗೆ ಇದೇ ಒಳ್ಳೆಯದು.

ಬೀಜದ ಪೊಟ್ಟಣದ ಮೇಲಿನ ಚಿತ್ರವನ್ನಷ್ಟೇ ನೋಡಿ ಕೊಳ್ಳಬಾರದು. ಪರೀಕ್ಷೆಯ ದಿನಾಂಕ, ಬಾಳಿಕೆಯ ಅವಧಿ, ಮೊಳಕೆಯ ಪ್ರಮಾಣ ಇವನ್ನು ಓದಬೇಕು. ಮನೆಗೆ ತಂದ ಮೇಲೆ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಐದು ದಿನ ನೋಡಿರಿ. 14 ಅಥವಾ ಹೆಚ್ಚು ಮೊಳೆತರೆ ಬೀಜ ಸರಿಯಾಗಿದೆ ಎಂದು ತಿಳಿಯಬಹುದು. ಇನ್ನೊಂದು ಮುಖ್ಯ ಮಾತು. ಕೆಲವು ಬೀಜ ಗುಲಾಬಿ, ನೀಲಿ ಬಣ್ಣದ್ದಾಗಿ ಕಾಣುತ್ತವೆ. ಅದು ಮೂಲಂಗಿಯ ಬಣ್ಣವಲ್ಲ. ಬೀಜೋಪಚಾರಕ್ಕೆ ಹಾಕಿದ ಔಷಧದ ಗುರುತು. ಅಂಥ ಬೀಜವನ್ನು ಮಕ್ಕಳ ಕೈಗೆ ಕೊಡಬಾರದು, ಉಳಿದದ್ದನ್ನು ಕೋಳಿಗೆ ಹಾಕಬಾರದು, ಬಿತ್ತಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು.

ಬಿತ್ತುವ ಕಾಲ

ನಮ್ಮಲ್ಲಿ ಶೀಗಿ ಹುಣ್ಣಿಮೆಯಿಂದ ಸಂಕ್ರಾಂತಿಯವರೆಗೆ ಬಿತ್ತುವುದು ಪ್ರಶಸ್ತ. ರಾತ್ರಿಯ ತಂಪು ಗಡ್ಡೆಗೆ ಬಣ್ಣವನ್ನೂ ರುಚಿಯನ್ನೂ ಕೊಡುತ್ತದೆ. ಮುಂಗಾರಿನಲ್ಲಿ ಬಿಡದೆ ಮಳೆ ಹಿಡಿದರೆ ಗಡ್ಡೆ ಕೊಳೆಯುವ ಭಯವಿದೆ. ಶಿವರಾತ್ರಿಯ ನಂತರ ಬಣ್ಣದ ಬಗೆಗಳನ್ನು ಬಿತ್ತಬೇಡಿರಿ. ಬೇಸಿಗೆಗೆ ಮೂಲಂಗಿ ಬೇಕೇ ಬೇಕೆಂದರೆ ಸೆಖೆ ತಾಳುವ ಪೂಸಾ ಚೇತಕಿಯಂಥ ಬಿಳಿ ಬಗೆಯನ್ನು ಹಾಕಬಹುದು.

ಪಂಚಾಂಗ ಹಿಡಿದು ಲೆಕ್ಕ ಹಾಕುವವರಿಗೆ ಒಂದು ಸುಲಭ ಮಾರ್ಗವಿದೆ. ಉದ್ದ ಬಗೆಯನ್ನು ದೀಪಾವಳಿಯ ಪಾಡ್ಯ ಕಳೆದ ವಾರದಲ್ಲಿ ಬಿತ್ತಿರಿ. ಗುಂಡು ಬಗೆಯನ್ನು ಛಟ್ಟಿ ಅಮವಾಸ್ಯೆಗೆ ಬಿತ್ತಿರಿ. ಎರಡೂ ಎಳ್ಳಮವಾಸ್ಯೆಯ ಹೊತ್ತಿಗೆ ಸಿದ್ಧವಾಗುತ್ತವೆ. ಚರಗ ಚೆಲ್ಲುವ ದಿನ ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿಯ ಬುತ್ತಿಯಲ್ಲಿ ನಿಮ್ಮ ಹಿತ್ತಲಿನ ಕೆಂಪು ಮೂಲಂಗಿಯೂ ಇರಲಿ.

ಮಡಿಯ ಸಿದ್ಧತೆ

ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಜಾಗವನ್ನು ಆರಿಸಿರಿ. ಬೇವು, ತೆಂಗಿನ ನೆರಳಿನಲ್ಲಿ ಸೊಪ್ಪು ಬಂದೀತು, ಗಡ್ಡೆ ಬಾರದು. ಐದಾರು ಜನರ ಮನೆಗೆ 12 ಅಡಿ ಉದ್ದ, 4 ಅಡಿ ಅಗಲದ ಒಂದೇ ಮಡಿ ಸಾಕು. ನಾಲ್ಕು ಅಡಿಗಿಂತ ಅಗಲವಿದ್ದರೆ ಎರಡೂ ಬದಿಯಿಂದ ಕೈ ನಿಲುಕುವುದಿಲ್ಲ. ಮಡಿಯ ಮೇಲೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ.

ಮಸಾರಿ ಮಣ್ಣಾದರೆ ಒಂದು ಗೇಣು ಆಳ ಅಗೆದು, ಹೆಂಟೆ ಒಡೆದು, ಕಲ್ಲು ಹರಳು ಆರಿಸಿ ತೆಗೆದರೆ ಆಯಿತು. ಎರೆ ಮಣ್ಣು ಒಣಗಿದಾಗ ಬಿಗಿದು ಗಡ್ಡೆಯನ್ನು ಹಿಂಡುತ್ತದೆ, ನೆನೆದಾಗ ನೀರು ಹಿಡಿದು ಕೊಳೆಸುತ್ತದೆ. ಆದುದರಿಂದ ಎರೆ ಹಿತ್ತಲಿನವರು ಮಡಿಯನ್ನು ಒಂದು ಗೇಣು ಎತ್ತರಿಸಿ, ಒಂದೆರಡು ಬುಟ್ಟಿ ಮರಳನ್ನೋ ಮಸಾರಿ ಮಣ್ಣನ್ನೋ ಬೆರೆಸಬೇಕು. ಉದ್ದ ಬಗೆಗೆ ಬೋದು ಏರಿಸಿ ಬೋದಿನ ಮೇಲೆ ಬಿತ್ತುವುದು ಇನ್ನೂ ಒಳ್ಳೆಯದು.

ಇಷ್ಟು ಮಡಿಗೆ ಪೂರ್ಣವಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಸುಮಾರು 20 ಕಿಲೋ ಸಾಕು. ಹಸಿ ಸಗಣಿಯನ್ನು ಎಂದಿಗೂ ಹಾಕಬಾರದು. ಹಸಿ ಗೊಬ್ಬರದಲ್ಲಿ ಬೇರು ಎರಡಾಗಿ ಮೂರಾಗಿ ಕವಲೊಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿಯಾಗಿ ತಿನ್ನುವ ಗಡ್ಡೆಗೆ ಸಗಣಿಯ ರೋಗಾಣುಗಳು ಅಂಟಿಕೊಳ್ಳುತ್ತವೆ. ಯೂರಿಯಾ ಚೆಲ್ಲುವ ಆಸೆಯನ್ನೂ ಬಿಡಿರಿ. ಅದರಿಂದ ಸೊಪ್ಪು ಹೆಚ್ಚಿ ಗಡ್ಡೆ ಸಣ್ಣದಾಗುತ್ತದೆ.

ಹಿತ್ತಲೇ ಇಲ್ಲದ ಮನೆಯವರು ಬೇಸರಪಡಬೇಕಾಗಿಲ್ಲ. ಗುಂಡು ಬಗೆಗೆ ಎಂಟು ಇಂಚು ಆಳದ ಮಣ್ಣು ಸಾಕು. ಒಡೆದ ಕೊಡ, ಹಳೆಯ ಬುಟ್ಟಿ, ತೊಳೆದ ಸಿಮೆಂಟಿನ ಚೀಲ ಯಾವುದಾದರೂ ನಡೆಯುತ್ತದೆ. ತಳಕ್ಕೆ ನೀರು ಬಸಿಯುವ ತೂತು ಇರಬೇಕು. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಮಾತ್ರ, ಎಷ್ಟು ತೊಳೆದರೂ, ಇದಕ್ಕೆ ಬಳಸಬಾರದು.

ಬಿತ್ತನೆ ಮತ್ತು ಒತ್ತು ಸಸಿ ಕೀಳುವುದು

ಒಂದೇ ದಿನ ಮಡಿಯನ್ನೆಲ್ಲ ಬಿತ್ತಿದರೆ ಒಂದೇ ವಾರದಲ್ಲಿ ಎಲ್ಲವೂ ಕೀಳಲು ಬಂದು, ತಿಂದು ಮುಗಿಯದೆ ಕೆಡುತ್ತದೆ. ಆದುದರಿಂದ ಮಡಿಯನ್ನು ಮೂರು ಮೂರು ಅಡಿಯ ನಾಲ್ಕು ಭಾಗ ಮಾಡಿರಿ. ಹತ್ತು ದಿನಕ್ಕೆ ಒಂದು ಭಾಗದಂತೆ ಬಿತ್ತಿರಿ. ನಾಲ್ಕನೆಯ ಭಾಗ ಬಿತ್ತುವ ಹೊತ್ತಿಗೆ ಮೊದಲನೆಯದು ಕೀಳಲು ಬಂದಿರುತ್ತದೆ. ಅದು ಖಾಲಿಯಾದ ಕೂಡಲೆ ಒಂದು ಪುಟ್ಟಿ ಗೊಬ್ಬರ ಬೆರೆಸಿ ಮತ್ತೆ ಬಿತ್ತಿರಿ. ಹೀಗೆ ಚಳಿಗಾಲವೆಲ್ಲ ತಪ್ಪದೆ ನಡೆಯುತ್ತದೆ.

ಗುಂಡು ಬಗೆಗೆ ಸಾಲಿನಿಂದ ಸಾಲಿಗೆ 6 ಇಂಚು, ಗಿಡದಿಂದ ಗಿಡಕ್ಕೆ 2 ಇಂಚು ಅಂತರವಿರಲಿ. ಒಂದು ಭಾಗದಲ್ಲಿ ಅಡ್ಡಲಾಗಿ ಆರು ಸಾಲು, ಸಾಲಿಗೆ 24ರಂತೆ 144 ಗಿಡ ಕೂಡುತ್ತವೆ. ಕೋಳಿ, ಕೀಟಗಳ ಪಾಲು ಹೋಗಿ ನೂರು ಗಡ್ಡೆ ಕೈಗೆ ಬಂದರೂ, ಹತ್ತು ದಿನಗಳವರೆಗೆ ದಿನಕ್ಕೆ ಹತ್ತರಂತೆ, ಐದು ಜನರಿಗೆ ತಲೆಗೆ ಎರಡು ಆಯಿತು. ಇದಕ್ಕೆ ಬೇಕಾಗುವ ಬೀಜ ಸುಮಾರು 3 ಗ್ರಾಂ ಮಾತ್ರ. ಉದ್ದ ಬಗೆಗೆ ಸಾಲಿನ ಅಂತರ ಒಂದು ಅಡಿ, ಗಿಡದ ಅಂತರ 3ರಿಂದ 4 ಇಂಚು.

ಕಡ್ಡಿಯಿಂದ ಅರ್ಧ ಇಂಚು ಆಳದ ಗೆರೆ ಎಳೆದು, ಜಾಗಕ್ಕೆ ಎರಡೆರಡು ಬೀಜ ಹಾಕಿ, ಸಣ್ಣ ಮಣ್ಣು ಮುಚ್ಚಿ, ಅಂಗೈಯಿಂದ ಹಗುರಾಗಿ ಒತ್ತಿರಿ. ಹೆಚ್ಚು ಆಳ ಹೋದರೆ ಗುಂಡು ಬಗೆ ಸೊಟ್ಟಗಾಗುತ್ತದೆ. ಮೂರರಿಂದ ಐದು ದಿನದಲ್ಲಿ ಹುಟ್ಟುತ್ತದೆ. ಕೋಳಿ, ಕುರಿಮರಿ ಒಳಗೆ ಬಾರದಂತೆ ಜಾಲಿಮುಳ್ಳು ಹಚ್ಚುವುದನ್ನು ಬಿತ್ತಿದ ದಿನವೇ ಮಾಡಬೇಕು.

ಹುಟ್ಟಿದ ಎಂಟರಿಂದ ಹತ್ತನೆಯ ದಿನ ಒತ್ತು ಸಸಿಗಳನ್ನು ಕಿತ್ತು, ಜಾಗಕ್ಕೆ ಒಂದೇ ಸಸಿ ಉಳಿಸಬೇಕು. ಈ ಕೆಲಸಕ್ಕೆ ಅನೇಕರ ಕೈ ಮುಂದೆ ಬರುವುದಿಲ್ಲ. ಹುಟ್ಟಿದ್ದನ್ನು ಕೀಳುವುದೆಂದರೆ ಮನಸ್ಸಿಗೆ ಕಷ್ಟ. ಆದರೆ ಎರಡು ಬೆರಳಿನ ಜಾಗ ಸಿಗದ ಮೂಲಂಗಿ ಗಡ್ಡೆ ಕಟ್ಟಲಾರದು. ಉಪಚಾರ ಮಾಡದ ಬೀಜವಾಗಿದ್ದರೆ ಕಿತ್ತ ಎಳೆ ಸಸಿಗಳನ್ನು ತೊಳೆದು ಪಚಡಿಗೆ ಹಾಕಿಕೊಳ್ಳಿರಿ; ನಷ್ಟವೇನೂ ಇಲ್ಲ. ಬಳಿಕ ಕುರ್ಚಿಗೆಯಿಂದ ಹಗುರಾಗಿ ಕೆದಕಿ, ಕಸ ತೆಗೆದು, ಮೇಲೆ ಕಾಣುವ ಗಡ್ಡೆಯ ಹೆಗಲಿಗೆ ತುಸು ಮಣ್ಣು ಏರಿಸಿದರೆ ಸಾಕು.

ನೀರು

ಮಡಿಯು ಸದಾ ಹದವಾಗಿ ಹಸಿಯಿರಬೇಕು. ಇಡೀ ಮಡಿಗೆ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಎರಡು ಕೊಡ ನೀರು ಸಾಕಾಗುತ್ತದೆ. ಎರೆ ಮಣ್ಣಿಗೆ ಇನ್ನೂ ಕಡಿಮೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಹರಿಬಿಟ್ಟರೆ ಗಡ್ಡೆ ಸೀಳುತ್ತದೆ.

ಬಚ್ಚಲ ನೀರನ್ನು ಕೈತೋಟಕ್ಕೆ ಬಿಡಿರೆಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಬಾಳೆ, ತೆಂಗು, ನುಗ್ಗೆಗೆ ಅದು ಸರಿಯೇ. ಮೂಲಂಗಿಯಂಥ ಹಸಿಯಾಗಿ ತಿನ್ನುವ ಗಡ್ಡೆಗೆ ಬಿಡಬಾರದು. ಬಟ್ಟೆ ತೊಳೆಯುವ ಪುಡಿಯ ಉಪ್ಪು ಮಣ್ಣನ್ನು ಕೆಡಿಸುತ್ತದೆ; ಮೈ ತೊಳೆದ ನೀರಿನಲ್ಲಿ ರೋಗಾಣುಗಳಿರುತ್ತವೆ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಬೇರೆ ಹಿಡಿದಿಟ್ಟರೆ ಅರ್ಧ ಖರ್ಚು ಅದರಲ್ಲಿಯೇ ನೀಗುತ್ತದೆ.

ಕೀಟಗಳು

ಎಳೆ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಂಡರೆ ಅದು ಜಿಗಿಯುವ ಸಣ್ಣ ದುಂಬಿಯ ಕೆಲಸ. ಎಲೆಯ ಕೆಳಗೆ ಹೇನು ಕೂಡುವುದೂ ಉಂಟು. ಒಂದು ತಿಂಗಳ ಬೆಳೆಗೆ, ಅದೂ ಹಸಿಯಾಗಿ ತಿನ್ನುವುದಕ್ಕೆ, ಹತ್ತಿಗೆ ಹೊಡೆದು ಉಳಿದ ಔಷಧವನ್ನು ಎಂದಿಗೂ ಹೊಡೆಯಬಾರದು. ಬೆಳಗಿನ ಇಬ್ಬನಿಯಲ್ಲಿ ಎಲೆಯ ಮೇಲೆ ಬೂದಿಯನ್ನು ತೆಳುವಾಗಿ ಉದುರಿಸಿರಿ. ಬಗ್ಗದಿದ್ದರೆ, ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ತುಸು ಸೋಪು ಕದಡಿ ಸಂಜೆಯ ಹೊತ್ತು ಸಿಂಪಡಿಸಿರಿ. ಎಲೆಕೋಸು, ಹೂಕೋಸು, ಸಾಸಿವೆ ಬೆಳೆದ ಜಾಗದಲ್ಲಿ ಕೂಡಲೆ ಮೂಲಂಗಿ ಹಾಕಬಾರದು. ಒಂದೇ ಬಳಗದವಾದ್ದರಿಂದ ಕೀಟವೂ ಒಂದೇ. ಮೆಂತೆ, ಅವರೆ, ಉಳ್ಳಾಗಡ್ಡಿಯ ನಂತರ ಹಾಕಿದರೆ ಒಳ್ಳೆಯದು.

ಕೀಳುವುದು, ಉಣ್ಣುವುದು

ಗುಂಡು ಬಗೆಯು ದೊಡ್ಡ ಲಿಂಬೆಹಣ್ಣಿಗಿಂತ ಸಣ್ಣದಿರುವಾಗಲೇ ಕೀಳಬೇಕು. 25ನೆಯ ದಿನ ಮಣ್ಣು ಸರಿಸಿ ನೋಡಿರಿ. ಹದಕ್ಕೆ ಬಂದದ್ದನ್ನು ದಿನವೂ ಆರಿಸಿ ಕೀಳುತ್ತ ಬನ್ನಿರಿ. ಐದು ವಾರ ದಾಟಿದ ಗುಂಡು ಮೂಲಂಗಿ ನೋಟಕ್ಕೆ ಚೆಂದ, ಒಳಗೆ ಬೆಂಡು. ಕಿತ್ತ ಕೂಡಲೆ ಸೊಪ್ಪನ್ನು ಬೇರ್ಪಡಿಸಿ ಇಟ್ಟರೆ ಗಡ್ಡೆ ಬಾಡದೆ ಉಳಿಯುತ್ತದೆ.

ಸೊಪ್ಪನ್ನು ಬಿಸಾಡಬೇಡಿರಿ. ಸುಣ್ಣಾಂಶವೂ ಸಿ ಜೀವಸತ್ವವೂ ಗಡ್ಡೆಗಿಂತ ಸೊಪ್ಪಿನಲ್ಲಿಯೇ ಹೆಚ್ಚು. ಹೆಸರುಬೇಳೆ ಹಾಕಿ ಪಲ್ಯ ಮಾಡಬಹುದು. ಪಚಡಿಗಾದರೆ ಗಡ್ಡೆಯನ್ನು ಸಿಪ್ಪೆಸಹಿತ ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಎಳೆ ಸೊಪ್ಪು, ಉಳ್ಳಾಗಡ್ಡಿ, ಗುರೆಳ್ಳು ಪುಡಿ, ಉಪ್ಪು ಸೇರಿಸಿ, ಲಿಂಬೆಹುಳಿ ಹಿಂಡಿ, ಒಂದು ಚಮಚ ಶೇಂಗಾ ಎಣ್ಣೆ ಹಾಕಿರಿ. ಲಿಂಬೆಯಿಂದ ಬಣ್ಣವೂ ಏರುತ್ತದೆ, ಸೊಪ್ಪಿನ ಕಬ್ಬಿಣಾಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಬಣ್ಣದ ಮೂಲಂಗಿ ತಿಂದರೆ ಇಂಥಿಂಥ ದೊಡ್ಡ ರೋಗ ಗುಣವಾಗುತ್ತದೆಂದು ಮೊಬೈಲಿನಲ್ಲಿ ಬರುವ ಮಾತುಗಳನ್ನು ಮಾತ್ರ ನಂಬಬೇಡಿರಿ. ಇದು ಔಷಧವಲ್ಲ, ಒಳ್ಳೆಯ ಆಹಾರ. ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬಿಡಬಾರದು.

ಬೀಜ ಹಿಡಿಯಬಹುದೇ?

ಬೀಜದ ಸೀಮೆಯವರಾದ ನೀವು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತೀರಿ. ಚಿಕ್ಕ ಗುಂಡು ಕೆಂಪು ಬಗೆಗಳು ಬೀಜ ಕಟ್ಟುವುದಕ್ಕೆ ಗುಡ್ಡನಾಡಿನ ಚಳಿ ಬೇಕು. ಸೆಖೆಯಲ್ಲಿ ಒಂದೆರಡು ಗಿಡ ಹೂವಿಗೆ ಬಂದರೂ ಒಳ್ಳೆಯ ಬೀಜ ಸಿಗುವ ಭರವಸೆಯಿಲ್ಲ. ಅವುಗಳ ಬೀಜವನ್ನು ಕೊಳ್ಳುವುದೇ ಸರಿ. ನಾಲ್ಕು ಮನೆಯವರು ಕೂಡಿ ಒಂದು ಪೊಟ್ಟಣ ಕೊಂಡರೆ ಖರ್ಚು ಹಗುರಾಗುತ್ತದೆ.

ನಮ್ಮ ಹವೆಯಲ್ಲಿ ಬೀಜವಾಗುವ ದೇಶಿ ಉದ್ದ ಬಗೆಗಳಿಗೂ ಒಂದು ತೊಡಕಿದೆ. ಮೂಲಂಗಿಯ ಹೂವು ತನ್ನ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟದು. ಜೇನುನೊಣ ಬೇರೆ ಗಿಡದ ಪರಾಗವನ್ನು ತರಬೇಕು. ನಿಮ್ಮ ಕೆಂಪಿಗೆ ನೆರೆಯವರ ಬಿಳಿಯ ಪರಾಗ ಕೂಡಿದರೆ ಮುಂದಿನ ವರ್ಷ ಬಣ್ಣ ಕಲಸಿಹೋಗುತ್ತದೆ. ಜೇನು ದೂರ ಹಾರುವುದರಿಂದ ಒಂದು ಕಿಲೋಮೀಟರಿನ ಒಳಗೆ ಬೇರೆ ಮೂಲಂಗಿ ಹೂವಿನಲ್ಲಿರಬಾರದು. ಆದುದರಿಂದ ಬೀಜ ಹಿಡಿಯುವುದಾದರೆ ಊರಿನವರೆಲ್ಲ ಮಾತಾಡಿಕೊಂಡು ಆ ವರ್ಷ ಒಂದೇ ಬಗೆಯನ್ನು ಹೂವಿಗೆ ಬಿಡಬೇಕು. ಒಂದೆರಡಲ್ಲ, ಹತ್ತಿಪ್ಪತ್ತು ಒಳ್ಳೆಯ ಗಿಡಗಳನ್ನು ಬಿಡಬೇಕು. ಸಂಕರ ಬೀಜದಿಂದ ಬೆಳೆದ ಗಿಡದ ಬೀಜವಂತೂ ತಾಯಿಯನ್ನು ಹೋಲುವುದಿಲ್ಲ. ಕ್ರಾಸಿಂಗ್ ಕೆಲಸ ಮಾಡಿದ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾರುವ ವಿಚಾರ

ಹೊಸ ಬೆಳೆ ಕಂಡ ಕೂಡಲೆ ಒಂದು ಎಕರೆ ಹಾಕೋಣವೆಂಬ ಉತ್ಸಾಹ ಬರುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿರಿ. ಈ ಗಡ್ಡೆಗೆ ಕೀಳುವ ಹದ ನಾಲ್ಕೇ ದಿನ. ಸೊಪ್ಪು ಮಧ್ಯಾಹ್ನಕ್ಕೆ ಬಾಡುತ್ತದೆ. ಗಿರಾಕಿಗಳಿಗೆ ಇನ್ನೂ ಪರಿಚಯವಿಲ್ಲ. ಮನೆಗೆ ಸಾಕಾಗಿ ಉಳಿದದ್ದನ್ನು ಹತ್ತು ಕಟ್ಟು ಮಾಡಿ ಸಂತೆಗೆ ಒಯ್ದು ನೋಡಿರಿ. ಒಂದನ್ನು ಹೋಳು ಮಾಡಿ ರುಚಿಗೆ ಕೊಡಿರಿ. ನಾಲ್ಕು ಸಂತೆಗಳಲ್ಲಿ ಕೇಳಿಕೊಂಡು ಬಂದರೆ ಮಾತ್ರ ಇನ್ನೊಂದು ಮಡಿ ಹೆಚ್ಚಿಸಿರಿ. ಸಂತೆಯಲ್ಲಿ ಹೋಗದಿದ್ದರೂ ನಷ್ಟವಿಲ್ಲದಷ್ಟೇ ಬಿತ್ತುವುದು ಜಾಣತನ.

ಕೊನೆಯ ಮಾತು

ಆ ಹಿರಿಯ ತಾಯಿಯ ಮನೆಗೆ ನಾನು ಕಾರ್ತೀಕದಲ್ಲಿ ಮತ್ತೆ ಹೋದೆ. "ಈ ಸಲಾನೂ ಎಮ್ಮೀಗೇ ಬಿತ್ತತೀಯೇನು ತಮ್ಮಾ?" ಎಂದು ನಕ್ಕರು. ಆದರೂ ಮೂರು ಅಡಿ ಜಾಗ ಬಿಟ್ಟುಕೊಟ್ಟರು. ಸಾಲು ಹಿಡಿದು ಬಿತ್ತಿದೆವು. ಹತ್ತನೆಯ ದಿನ ಒತ್ತು ಸಸಿ ಕೀಳುವಾಗ ಅವರ ಮನಸ್ಸು ಒಪ್ಪಲಿಲ್ಲ. ನಾನೇ ಕುಳಿತು ಕಿತ್ತೆ. 28ನೆಯ ದಿನ ಅವರ ಮೊಮ್ಮಗನು ಮಣ್ಣು ಕೆದರಿ ಒಂದನ್ನು ಕಿತ್ತು, ತೊಳೆದು, ಅಲ್ಲಿಯೇ ಕಚ್ಚಿ ತಿಂದನು. ತಾಯಿಯು ಏನೂ ಹೇಳದೆ ಒಳಗೆ ಹೋಗಿ ರೊಟ್ಟಿ ತಂದರು. ಆ ಚಳಿಗಾಲದಲ್ಲಿ ಆ ಮೂರು ಅಡಿಯು ಹನ್ನೆರಡು ಅಡಿಯಾಯಿತು.

ನಿಮ್ಮ ಹಿತ್ತಲಿನಲ್ಲಿಯೂ ಮೂರು ಅಡಿ ಜಾಗವಿದ್ದೇ ಇರುತ್ತದೆ. ಅಲ್ಲಿಂದಲೇ ಆರಂಭಿಸಿರಿ. ಬೀಜ, ಮಣ್ಣು, ಕೀಟಗಳ ವಿಷಯದಲ್ಲಿ ಸಂಶಯ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ, ಇಲ್ಲವೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಬಿತ್ತಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿರಿ. ಹತ್ತನೆಯ ದಿನ ಸಸಿ ಕೀಳುವುದನ್ನೂ, 25ನೆಯ ದಿನ ಮಣ್ಣು ಸರಿಸಿ ನೋಡುವುದನ್ನೂ ಮರೆಯಬೇಡಿರಿ.